ಬೆಕ್ಕಿನ ಹತ್ತಿರ ಹೇಳಿದ್ದು

ನಮ್ಮ ಅತ್ತೆ ಮತ್ತು ಆಚೆಮನೆ ದೊಡ್ಡಮ್ಮ ಮಾತು ಬಿಟ್ಟು ಎಷ್ಟು ವರ್ಷವಾಯಿತೆಂದು ಇಬ್ಬರನ್ನೂ ಕೇಳಿದರೆ ಎರಡು ಲೆಕ್ಕ ಸಿಗುತ್ತದೆ. ನಾನು ಮದುವೆಯಾಗಿ ಮರವಂತೆಗೆ ಬರುವ ಹೊತ್ತಿಗೆ ಆ ಜಗಳ ಹಳತಾಗಿ, ಮನೆಯ ಒಂದು ಸಾಮಾನಿನ ಹಾಗೆ ಮೂಲೆ ಹಿಡಿದು ಕೂತಿತ್ತು. ಹೊಸ ಸೊಸೆಗೆ ಬಾವಿ ಎಲ್ಲಿದೆ, ಅಕ್ಕಿ ಡಬ್ಬ ಎಲ್ಲಿದೆ ಎಂದು ತೋರಿಸಿದ ಅತ್ತೆ, "ಆಚೆಮನಿ ಹೆಂಗ್ಸಿನ್ ಹತ್ರ ನಾವ್ ಮಾತಾಡುದಿಲ್ಲ. ನೀ ಬೇಕಾರೆ ಮಾತಾಡ್, ಓದ್ದಳ್ ಅಲ್ದಾ" ಎಂದು ಮನೆಯ ವಿದೇಶಾಂಗ ನೀತಿಯನ್ನೂ ಅವತ್ತೇ ತಿಳಿಸಿಬಿಟ್ಟಿದ್ದರು.

ವಿದೇಶಾಂಗ ನೀತಿ ಎಂಬ ಮಾತು ನನ್ನದು. ನಾನು ಬ್ರಹ್ಮಾವರದವಳು, ಕುಂದಾಪುರದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವುದು ಹೊಟ್ಟೆಪಾಡು. ಭಯೋತ್ಪಾದನೆ, ಸಂಘರ್ಷ, ನಿರಾಶ್ರಿತರು, ಅಂತರರಾಷ್ಟ್ರೀಯ ಶಾಂತಿ ಸ್ಥಾಪನೆ ಎಂದು ಒಂದು ಪಾಠವಿದೆ. ಅದು ಪ್ರತಿ ಸಲವೂ ಸರಿಯಾಗಿ ಮಳೆಗಾಲದಲ್ಲೇ ಬರುತ್ತದೆ. ಮೇಲೆ ಶೀಟಿನ ಮೇಲೆ ಮಳೆ ಬಡಿಯುತ್ತಿರುತ್ತದೆ, ಕೆಳಗೆ ನಾನು ಕದನ ವಿರಾಮ, ಕದನ ವಿರಾಮ ಎಂದು ಗಂಟಲು ಹರಿದುಕೊಳ್ಳುತ್ತಿರುತ್ತೇನೆ, ಹಿಂದಿನ ಬೆಂಚಿನವರು ಸಂಪೂರ್ಣ ಶಾಂತಿಯಲ್ಲಿ ನಿದ್ದೆ ಮಾಡುತ್ತಿರುತ್ತಾರೆ.

ನನ್ನ ಗಂಡನದು ಅಲಿಪ್ತ ನೀತಿ. ಮೀನಿನ ಟೆಂಪೋ ಓಡಿಸುವ ಅವರು, ಅಮ್ಮ ಬೈದಾಗಲೂ ತಲೆ ಅಲ್ಲಾಡಿಸುತ್ತಾರೆ, ದೊಡ್ಡಮ್ಮ ಬೈದಾಗಲೂ ತಲೆ ಅಲ್ಲಾಡಿಸುತ್ತಾರೆ, ಎರಡೂ ಕಡೆ ಊಟ ಮಾಡುತ್ತಾರೆ. "ನಿಮ್ಮ ಅಭಿಪ್ರಾಯ ಎಂತ?" ಎಂದರೆ "ನಂಗೆ ಡೀಸೆಲ್ ಹಾಕುಕಿತ್ತ್ ಮಾರಾಯ್ತಿ" ಎಂದು ಟೆಂಪೋ ಹತ್ತುತ್ತಾರೆ.

ಜಗಳದ ಮೂಲ ಒಂದು ಕಣಿ. ಕಣಿ ಎಂದರೆ ಮಳೆನೀರು ಹೋಗಲು ಎರಡು ಹಿತ್ತಲಿನ ನಡುವೆ ತೋಡಿದ ಸಣ್ಣ ಕಾಲುವೆ. ಮಕ್ಕಳೂ ಹಾರಿ ದಾಟುವಷ್ಟೇ ಅಗಲ. ನಮ್ಮ ಮನೆ ಹೆದ್ದಾರಿಯ ಬದಿಗೆ, ದೊಡ್ಡಮ್ಮನದು ಕಡಲಿನ ಬದಿಗೆ. ನೀರು ಎಂದಮೇಲೆ ಕಡಲಿಗೇ ಹೋಗಬೇಕು, ನಡುವೆ ನಿನ್ನ ಅಂಗಳ ಸಿಕ್ಕಿದರೆ ಅದು ನನ್ನ ತಪ್ಪಾ ಎಂಬುದು ಅತ್ತೆಯ ವಾದ. ನಿನ್ನ ಮನೆಯ ಕೊಳಕೆಲ್ಲ ನನ್ನ ಅಂಗಳದಲ್ಲಿ ಮೆರವಣಿಗೆ ಹೋಗುವುದು ಬೇಡ, ಕಣಿಯನ್ನು ಬೇಲಿಯ ಉದ್ದಕ್ಕೆ ತಿರುಗಿಸು ಎಂಬುದು ದೊಡ್ಡಮ್ಮನ ವಾದ. ಅದಕ್ಕೆ ಮೊದಲು ಇಬ್ಬರೂ ಎಂಥ ಗೆಳತಿಯರಂತೆ! ಮೀನಿನ ಬುಟ್ಟಿ ಹೊತ್ತು ಒಂದೇ ಬಸ್ಸಿನಲ್ಲಿ ಸಿದ್ದಾಪುರದವರೆಗೆ ಹೋಗಿ, ಒಂದೇ ಕಟ್ಟೆಯಲ್ಲಿ ಅಕ್ಕಪಕ್ಕ ಕೂತು ಮಾರಿ, ಎಲೆ ಅಡಿಕೆಯನ್ನೂ ಒಂದೇ ಚೀಲದಿಂದ ತೆಗೆದು ಹಾಕಿಕೊಳ್ಳುತ್ತಿದ್ದವರು. ಮಾತು ಮುರಿದುಬಿದ್ದದ್ದು ಬಸ್ ಸ್ಟಾಪಿನಲ್ಲಿ. ಅತ್ತೆ, "ಹಾಂಗಾರೆ ಆ ಕಣಿ ನೀರ್ ಯಾವ ಬದಿಗ್ ಹೋಯ್ಕ್? ನೀನೇ ಹೇಳ್ ಕಾಂಬ" ಎಂದು ಕೇಳಿದರಂತೆ. ಅಷ್ಟೊತ್ತಿಗೆ ಬಸ್ಸು ಬಂತು. ದೊಡ್ಡಮ್ಮ ಉತ್ತರ ಕೊಡದೆ ಮುಂದಿನ ಬಾಗಿಲಲ್ಲಿ ಹತ್ತಿದರು, ಅತ್ತೆ ಹಿಂದಿನ ಬಾಗಿಲಲ್ಲಿ. ಅವತ್ತಿನಿಂದ ಮಾತಿಲ್ಲ.

"ನಾ ಕೇಂಡಾಯ್ತ್. ಉತ್ರ ಅದ್ ಕೊಡ್ಕ್" ಎನ್ನುತ್ತಾರೆ ಅತ್ತೆ, ಇಲ್ಲಿ ಹೆಂಗಸರನ್ನೂ 'ಅದು' ಎನ್ನುವುದುಂಟು. "ಬೈದದ್ದ್ ಅದ್. ಮೊದ್ಲ್ ಬಾಯ್ ಬಿಡ್ಕಾದ್ದೂ ಅದೇ" ಎನ್ನುತ್ತಾರೆ ದೊಡ್ಡಮ್ಮ. ಮೊದಲು ಬಾಯಿ ಬಿಟ್ಟವರು ಸೋತಂತೆ, ಅಷ್ಟೇ ವಿಷಯ.

ಹಾಗಂತ ವ್ಯವಹಾರ ನಿಂತಿರಲಿಲ್ಲ. ನಮ್ಮ ಕಡೆ ಮಾತು ಬಿಟ್ಟವರು ಮಾತನ್ನು ಪೂರ್ತಿ ಬಿಡುವುದಿಲ್ಲ, ದನದ ಹತ್ತಿರವೋ ಕೋಳಿಯ ಹತ್ತಿರವೋ ಹೇಳುತ್ತಾರೆ, ಕೇಳಬೇಕಾದವರಿಗೆ ಕೇಳುವಷ್ಟು ಜೋರಾಗಿ. ಈ ಎರಡು ಮನೆಗಳಿಗೆ ಆ ಕೆಲಸ ಮಾಡುತ್ತಿದ್ದದ್ದು ಒಂದು ಬೂದು ಬೆಕ್ಕು. ಬೆಳಿಗ್ಗೆ ನಮ್ಮಲ್ಲಿ ಹಾಲು, ಮಧ್ಯಾಹ್ನ ಅವರಲ್ಲಿ ಬಂಗುಡೆ ಮೀನಿನ ತಲೆ, ಎರಡೂ ದೇಶದ ಪೌರತ್ವ. "ಬೆಕ್ಕೆ, ಕೆಲವರ್ ಮನಿ ತೆಂಗಿನ್ ಹೆಡೆ ನಮ್ ಮಾಡಿನ್ ಮೇಲೆ ಬಿದ್ದಿತ್ತ್" ಎಂದು ಅತ್ತೆ ಸೂರಿನ ಮೇಲೆ ಬಿದ್ದ ಒಣ ಗರಿ ತೋರಿಸಿ ಗಟ್ಟಿಯಾಗಿ ಹೇಳಿದರೆ, ಸ್ವಲ್ಪ ಹೊತ್ತಿಗೆ ಆಚೆಯಿಂದ, "ಬೆಕ್ಕೆ, ಬಿದ್ದ್ ಹೆಡೆ ಒಲಿಗ್ ಹಾಕ್ಕಂಡ್ರೆ ಯಾರೂ ಬೇಡ ಅಂಬುದಿಲ್ಲ" ಎಂದು ಉತ್ತರ ಬರುತ್ತಿತ್ತು. ಬೆಕ್ಕು ಮಾತ್ರ ಎಲ್ಲವನ್ನೂ ಕೇಳಿ, ಏನನ್ನೂ ಹೇಳದೆ, ಕಾಲು ನೆಕ್ಕುತ್ತ ಕೂರುತ್ತಿತ್ತು. ನಾನು ಕಂಡ ರಾಯಭಾರಿಗಳಲ್ಲಿ ಅದಕ್ಕಿಂತ ನುರಿತವರು ಇಲ್ಲ.

ಒಂದು ಮಳೆಗಾಲ ಕಡಲಿಗೆ ಏನು ಬಂದಿತ್ತೋ. ದಡಕ್ಕೆ ತಡೆಯಾಗಿ ಹಾಕಿದ ಬಂಡೆಗಳನ್ನೇ ಎತ್ತಿ ಒಗೆಯುವ ಅಲೆ. ಮೊದಲು ದೊಡ್ಡಮ್ಮನ ತೆಂಗಿನ ಮರಗಳು ಹೋದವು, ಆಮೇಲೆ ಹಿತ್ತಲು. ಒಂದು ಭಾನುವಾರ ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ಧಡ್ ಎಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಅವರ ಅಡುಗೆಮನೆಯ ಗೋಡೆ ಇಲ್ಲ, ಆ ಜಾಗದಲ್ಲಿ ಕಡಲು ಕಾಣುತ್ತಿದೆ. ನನ್ನ ಗಂಡ ಮತ್ತು ಕೇರಿಯವರು ಸೇರಿ ಕೈಗೆ ಸಿಕ್ಕಿದ ಸಾಮಾನು ಹೊರಗೆ ಹಾಕಿದರು. ಸಂಜೆಯ ಒಳಗೆ ಉಳಿದ ಗೋಡೆಗಳೂ ಹೋದವು.

ದೊಡ್ಡಮ್ಮ ನಮ್ಮ ಅಂಗಳಕ್ಕೆ ಬಂದು ನಿಂತರು. ಕಂಕುಳಲ್ಲಿ ಬಟ್ಟೆಯ ಗಂಟು, ಒಂದು ಕೈಯಲ್ಲಿ ಕುಕ್ಕರ್, ಇನ್ನೊಂದರಲ್ಲಿ ಒಣಮೀನಿನ ಕಟ್ಟು. ಮೇಲೆ ಧೋ ಎಂದು ಮಳೆ. ಅತ್ತೆ ಜಗಲಿಯಲ್ಲಿ ನಿಂತಿದ್ದರು. ಇಬ್ಬರ ನಡುವೆ, ಮೆಟ್ಟಿಲ ಮೇಲೆ, ನೆನೆಯಲು ಮನಸ್ಸಿಲ್ಲದ ಬೆಕ್ಕು.

"ಬೆಕ್ಕೆ," ಎಂದರು ದೊಡ್ಡಮ್ಮ, ಗಂಟಲು ಸರಿಮಾಡಿಕೊಂಡು, "ಈ ಮನಿಲಿ ಒಂದ್ ಮೂಲೆ ಖಾಲಿ ಇತ್ತಾ ಕೇಣ್."

"ಬೆಕ್ಕೆ," ಎಂದರು ಅತ್ತೆ, "ಬಾಗ್ಲ್ ತೆರ್ದೇ ಇತ್ತಲೆ. ಮಳೆಗ್ ಎಂತಕ್ ನಿಂತ್ಕಂಡ್ ಇಪ್ದ್ ಅಂತ ಹೇಳ್. ಜ್ವರ ಬಂದ್ರೆ ಯಾರ್ ಕಾಂಬ್ದ್?"

ಆಶ್ರಯದ ಕೋರಿಕೆ ಸಲ್ಲಿಕೆಯಾಗಿ ಮಂಜೂರಾಗಲು ಒಂದು ಚಾ ಕುದಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಪುಸ್ತಕದ ಪ್ರಕಾರ ದೇಶದ ಗಡಿ ದಾಟಿ ಬಂದವರು ಮಾತ್ರ ನಿರಾಶ್ರಿತರು, ಕಡಲು ಮನೆ ತಿಂದವರು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ದೊಡ್ಡಮ್ಮ ಕಣಿ ದಾಟಿ ಬಂದಿದ್ದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಗಡಿ ಯಾವುದಿತ್ತು?

ನಾನು ಅಂದುಕೊಂಡದ್ದು, ಒಂದೇ ಸೂರಿನ ಕೆಳಗೆ ಬಂದ ಮೇಲೆ ಒಂದು ವಾರದಲ್ಲಿ ಎಲ್ಲ ಸರಿಯಾಗುತ್ತದೆ ಎಂದು. ಕರ್ಮ! ಈಗ ಬೆಕ್ಕಿಗೆ ಬಿಡುವೇ ಇಲ್ಲದಂತಾಯಿತು. ಅಡುಗೆಮನೆಯಲ್ಲಿ ಒಂದೇ ಒಲೆಯ ಮುಂದೆ ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ನಿಂತು, "ಬೆಕ್ಕೆ, ಸಾರಿಗೆ ಹುಳಿ ಹೆಚ್ಚಾಯ್ತ್", "ಬೆಕ್ಕೆ, ಹುಳಿ ತಿಂಬುಕ್ ಹಲ್ಲ್ ಗಟ್ಟಿ ಬೇಕ್" ಎಂದು ನಡೆಸುತ್ತಿದ್ದರು. ಬೆಕ್ಕನ್ನು ನಿದ್ದೆ ಮಾಡಲು ಬಿಡದೆ ಎಬ್ಬಿಸಿ ತಂದು ನಡುವೆ ಕೂರಿಸುತ್ತಿದ್ದರು. ಪಾಪ, ಅದು ತೆಳ್ಳಗಾಯಿತು ಎಂದು ನನಗೆ ಅನಿಸಿತು. ಗಂಡನ ಪ್ರಕಾರ ದಪ್ಪವಾಗಿತ್ತು, ಏಕೆಂದರೆ ಇಬ್ಬರೂ ಅದಕ್ಕೆ ಪೈಪೋಟಿಯಲ್ಲಿ ಮೀನು ಹಾಕುತ್ತಿದ್ದರು.

ಸಂಜೆ ಮೂವರೂ ಟಿವಿ ಮುಂದೆ ಕೂರುತ್ತಿದ್ದೆವು. ಒಂದು ದಿನ ಯಾವುದೋ ದೂರದ ದೇಶದ ಸಂತೆಯಲ್ಲಿ ಬಾಂಬು ಸಿಡಿದದ್ದನ್ನು ತೋರಿಸಿದರು. ಚೆಲ್ಲಾಪಿಲ್ಲಿಯಾದ ತರಕಾರಿ, ಒಂಟಿ ಚಪ್ಪಲಿಗಳು, ಒಂದು ಬುಟ್ಟಿ ಮಗುಚಿ ಬಿದ್ದಿತ್ತು. ಜೀವಮಾನವೆಲ್ಲ ಸಂತೆಯಲ್ಲಿ ಕೂತ ಇಬ್ಬರೂ ಆ ಬುಟ್ಟಿಯನ್ನೇ ನೋಡಿದರು.

"ಹೆಣೆ, ಆ ಮಾರುವರ್ ಇವ್ರಿಗೆ ಎಂತ ಮಾಡಿದ್ರ್?" ಎಂದು ಅತ್ತೆ ನನ್ನನ್ನು ಕೇಳಿದರು.

"ಏನೂ ಇಲ್ಲ ಅತ್ತೆ. ಸತ್ತವರ ಮೇಲೆ ಅವರಿಗೆ ಸಿಟ್ಟಿಲ್ಲ. ನೋಡುವವರನ್ನು ಹೆದರಿಸಲಿಕ್ಕೆ ಮಾಡುವುದು. ನಾಳೆ ಯಾರೂ ಸಂತೆಗೆ ಹೋಗಬಾರದು, ಒಬ್ಬರನ್ನೊಬ್ಬರು ನಂಬಬಾರದು, ಸರ್ಕಾರ ಬಗ್ಗಬೇಕು, ಹಾಗೆ. ಅದಕ್ಕೇ ಅದನ್ನು ಭಯೋತ್ಪಾದನೆ ಅನ್ನುವುದು."

"ಬೆಕ್ಕೆ," ಎಂದರು ದೊಡ್ಡಮ್ಮ, ಟಿವಿಯಿಂದ ಕಣ್ಣು ತೆಗೆಯದೆ, "ಗುರ್ತ ಇಲ್ದರ್ನ ಕೊಲ್ಲುದಾ? ಥೂ."

ಅತ್ತೆಯ ತಲೆ ಹೌದೆಂದು ಅಲ್ಲಾಡಿತು. ಮಾತು ಬಿಟ್ಟ ಮೇಲೆ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಅದೇ ಇರಬೇಕು. ಕಣಿಯ ಜಗಳವನ್ನು ಯುದ್ಧಕ್ಕೆ ಹೋಲಿಸಿ ಮಾತಾಡಿದರೆ ನಿಜವಾದ ಯುದ್ಧ ಕಂಡವರು ಬಂದು ನನ್ನ ಬೆನ್ನಿಗೆ ಎರಡು ಬಾರಿಸಬೇಕು, ನನಗೆ ಗೊತ್ತಿದೆ. ಆದರೂ ಆ ತಲೆ ಅಲ್ಲಾಡಿದ್ದನ್ನು ಕಂಡು ನನಗೆ ಹುರುಪು ಬಂದುಬಿಟ್ಟಿತು. ಇಷ್ಟು ವರ್ಷ ಶಾಂತಿ ಸ್ಥಾಪನೆಯ ಪಾಠ ಮಾಡಿದವಳು, ಮನೆಯೊಳಗೆ ಒಂದು ಸಂಧಾನ ಮಾಡಲಾರೆನೇ?

ಪುಸ್ತಕದಲ್ಲಿ ಇದ್ದಂತೆಯೇ ಹೊರಟೆ. ಮಧ್ಯಸ್ಥಿಕೆಗೆ ಯಾರದ್ದೂ ಅಲ್ಲದ ಜಾಗ ಬೇಕು. ಮನೆಯೊಳಗೆ ಎಲ್ಲವೂ ಅತ್ತೆಯದು, ಹಾಗಾಗಿ ಗಂಡನ ಟೆಂಪೋದ ಹಿಂಬದಿಯಲ್ಲಿ, ಮೀನಿನ ಕ್ರೇಟುಗಳ ಮೇಲೆ ಸಭೆ ಕರೆದೆ. ಚಾ, ಕಡಲೆಬೇಳೆಯ ಚಟ್ಟಂಬಡೆ ಇಟ್ಟೆ. ಕಣಿಯ ವಿಷಯ ಎತ್ತಲೇ ಇಲ್ಲ. ಇಬ್ಬರೂ ಒಟ್ಟಿಗೆ ಬಾಯಿ ಬಿಡುವುದು, ಆಗ ಯಾರೂ ಮೊದಲಲ್ಲ, ಯಾರೂ ಸೋತಂತಲ್ಲ ಎಂಬುದು ನನ್ನ ಸೂತ್ರ. ಬೆಕ್ಕಿನ ಮೂಲಕ ಎರಡೂ ಕಡೆಯವರು ಒಪ್ಪಿಗೆ ಕೊಟ್ಟರು. ನನಗೋ ಒಳಗೊಳಗೇ ಬಹುಮಾನ ಸಿಕ್ಕಷ್ಟು ಖುಷಿ.

"ನಾನು ಮೂರು ಅಂದ ಕೂಡಲೇ ಇಬ್ಬರೂ 'ಹ್ವಾಯ್' ಅನ್ನಬೇಕು. ಒಂದು, ಎರಡು, ಮೂರು!"

ಮಳೆಹನಿ ಟಾರ್ಪಾಲಿನ ಮೇಲೆ ಬೀಳುವ ಸದ್ದು ಮಾತ್ರ. ಅತ್ತೆ ದೊಡ್ಡಮ್ಮನ ಬಾಯಿ ನೋಡುತ್ತಿದ್ದರು, ದೊಡ್ಡಮ್ಮ ಅತ್ತೆಯ ಬಾಯಿ ನೋಡುತ್ತಿದ್ದರು. ತಾನು ಬಾಯಿ ಬಿಟ್ಟು ಇನ್ನೊಬ್ಬಳು ಮೋಸ ಮಾಡಿಬಿಟ್ಟರೆ? ಕೊನೆಗೆ "ಮ್ಯಾಂವ್" ಎಂದದ್ದು ಬೆಕ್ಕು. ಚಟ್ಟಂಬಡೆ ಎರಡೂ ಕಡೆಯವರು ತಿಂದು ಮುಗಿಸಿದರು, ಸಭೆ ಬರಖಾಸ್ತಾಯಿತು. ಗಂಡ ಮುಂದಿನ ಸೀಟಿನಲ್ಲಿ ನಗು ತಡೆಯಲಾರದೆ ಹಾರ್ನ್ ಮೇಲೆ ತಲೆಯಿಟ್ಟು ಕೇರಿಯನ್ನೆಲ್ಲ ಎಬ್ಬಿಸಿದರು.

ಮರುದಿನ ಕ್ಲಾಸಿನಲ್ಲಿ ಕೋಟದ ಕಡೆಯ ಒಬ್ಬಳು ಹುಡುಗಿ, ಅದೂ ಎಂದೂ ಬಾಯಿ ಬಿಡದವಳು, ಎದ್ದು ನಿಂತು ಕೇಳಿದಳು: "ಮೇಡಂ, ಒಪ್ಪಂದ ಆದ ಮೇಲೆ ನಿರಾಶ್ರಿತರು ವಾಪಸ್ ಹೋಗಬೇಕು ಅಂದ್ರಿ. ಹೋಗುವುದಕ್ಕೆ ಜಾಗವೇ ಇಲ್ಲದಿದ್ದರೆ?"

"ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ" ಎಂದೆ.

ಆ ಪ್ರಶ್ನೆಗೆ ಉತ್ತರ ಮುಂಬೈಯಿಂದ ಬಂತು. ಅಲ್ಲಿ ಕ್ಯಾಂಟೀನ್ ಇಟ್ಟಿರುವ ದೊಡ್ಡಮ್ಮನ ಮಗ ಫೋನ್ ಮಾಡಿ, ಮನೆಯೂ ಇಲ್ಲ ಮಣ್ಣೂ ಇಲ್ಲ, ಇನ್ನೆಂತಕ್ಕೆ ಅಲ್ಲಿ ಕೂತದ್ದು, ಬಂದುಬಿಡು ಎಂದ. ಬೈಂದೂರಿನಿಂದ ರೈಲಿಗೆ ಟಿಕೆಟ್ ಕೂಡ ಮಾಡಿಸಿದ. ಒಳ್ಳೆಯ ಮಗನೇ, ತಪ್ಪು ಹೇಳುವಂತಿಲ್ಲ. ಹೋದರೆ ಮತ್ತೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ದೊಡ್ಡಮ್ಮ ಬಾವಿಕಟ್ಟೆಯ ಹತ್ತಿರ ನನ್ನ ಕೈ ಹಿಡಿದುಕೊಂಡರು. "ನಂಗ್ ಹೋಪುಕ್ ಮನಸ್ಸಿಲ್ಲ ಹೆಣೆ. ಆರೆ ಇಲ್ಲಿ ಇರ್ ಅಂತ ಯಾರ್ ಹೇಳ್ದ್ರ್?"

"ನಾನು ಹೇಳುತ್ತಿದ್ದೇನಲ್ಲ ದೊಡ್ಡಮ್ಮ. ಅತ್ತೆಯೂ ನಿನ್ನೆ ಬೆಕ್ಕಿನ ಹತ್ತಿರ ಹೇಳಿದರಲ್ಲ, ಇರುಕ್ ಅಡ್ಡಿ ಇಲ್ಲ ಅಂತ?"

"ಬೆಕ್ಕಿನ್ ಹತ್ರ ಹೇಳ್ದ್ ಮಳೆಗ್ ಹೊರ್ಗ್ ನಿಂತದ್ಕೆ ಆಯ್ತ್. ಇನ್ನೊಬ್ರ್ ಮನಿಲಿ ಸಾಯುವರೆಗೆ ಇರುಕೆ ಆತಿಲ್ಲ. ಅದ್ಕೆ ಮನ್ಷರ್ ಬಾಯಂಗೆ ಬರ್ಕ್."

ನಾನು ಸೀದಾ ಅತ್ತೆಯ ಹತ್ತಿರ ಹೋಗಿ ರೇಗಿದೆ. ಒಂದು ಮಾತು, ಒಂದೇ ಒಂದು ಮಾತು, ಆಡಿದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ಕೂಗಿಯೇಬಿಟ್ಟೆ. ಅತ್ತೆ ತೆಂಗಿನಕಾಯಿ ತುರಿಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ. "ಹೋಯ್ಲಿ ಬಿಡ್. ನಿಮ್ ಬ್ರಹ್ಮಾವರದಂಗೆ ಎಲ್ಲ ಹೀಂಗೆ ಬಗ್ಗತ್ರಾ?" ಎಂದರು. ಆಮೇಲೆ ತುರಿಯುವುದನ್ನು ನಿಲ್ಲಿಸಿ, ದನಿ ತಗ್ಗಿಸಿ, "ಅದ್ ಹೋರೆ ನಾ ಯಾರ್ ಮೇಲೆ ಸಿಟ್ಟ್ ಮಾಡ್ಕಂಡ್ ಇಪ್ದ್ ಮಗಾ?" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನನಗೂ ಅಳು ಬಂತು. ಆದರೂ ಅವರು ಎದ್ದು ಬಾವಿಕಟ್ಟೆಗೆ ಹೋಗಲಿಲ್ಲ. ಏನು ಹಟವೋ ದೇವರೇ!

ಹೊರಡುವ ದಿನ ಬೆಳಿಗ್ಗೆ ದೊಡ್ಡಮ್ಮ ಬೆಕ್ಕಿಗೆ "ಹೋಯ್ ಬತ್ತೆ" ಎಂದು ಗಟ್ಟಿಯಾಗಿ ಹೇಳಿದರು. ಅತ್ತೆ ಒಳಗೆ ಪಾತ್ರೆ ಸದ್ದು ಮಾಡಿದರು, ಹೊರಗೆ ಬರಲಿಲ್ಲ. ಬೈಂದೂರಿನವರೆಗೆ ಹೋಗಿ ರೈಲು ಹತ್ತಿಸಿ ಬರೋಣವೆಂದು ನಾನು ರಜೆ ಹಾಕಿದ್ದೆ. ಇಬ್ಬರೂ ಬಸ್ ಸ್ಟಾಪಿಗೆ ಬಂದು ನಿಂತೆವು. ಆಚೆ ನದಿ, ಈಚೆ ಕಡಲು, ನಡುವಿನ ರಸ್ತೆಯಲ್ಲಿ ಲಾರಿಗಳ ಗಲಾಟೆ. ದೊಡ್ಡಮ್ಮ ಕಡಲಿನ ಕಡೆಗೆ ಬೆನ್ನು ಹಾಕಿ ನಿಂತಿದ್ದರು.

ಅಷ್ಟರಲ್ಲಿ ಅತ್ತೆ ಬಂದರು. ಸೀರೆ ಎತ್ತಿ ಕಟ್ಟಿ, ಏದುಸಿರು ಬಿಡುತ್ತ, ಕಂಕುಳಲ್ಲಿ ಬೆಕ್ಕನ್ನು ಇರುಕಿಕೊಂಡು! ಬಸ್ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆ ನಮ್ಮಿಂದ ಸ್ವಲ್ಪ ದೂರ ನಿಂತು, ಬೆಕ್ಕಿನ ಮುಖವನ್ನು ದೊಡ್ಡಮ್ಮನ ಕಡೆ ತಿರುಗಿಸಿ, "ಬೆಕ್ಕೆ, ಹೋಪುವರಿಗ್ ಒಂದ್ ಮಾತ್ ಹೇಳ್..." ಎಂದು ಶುರುಮಾಡಿದರು.

ಒಂದು ಟ್ಯಾಂಕರ್ ಬೊಂಯ್ ಎಂದು ಹಾರ್ನ್ ಹೊಡೆದು ಹೋಯಿತು. ಬೆಕ್ಕು ಅತ್ತೆಯ ಕೈಯನ್ನು ಪರಚಿ, ಹಾರಿ, ತೆಂಗಿನ ತೋಟದೊಳಗೆ ನುಗ್ಗಿ ಮಾಯವಾಯಿತು. ರಾಯಭಾರಿ ಪರಾರಿ. ಅತ್ತೆಯ ಮೊಣಕೈಯಿಂದ ರಕ್ತ ಇಳಿಯಿತು. ದೊಡ್ಡಮ್ಮನ ಕೈ ತನ್ನಷ್ಟಕ್ಕೇ ಸೆರಗಿಗೆ ಹೋಯಿತು, ಹರಿದು ಗಾಯಕ್ಕೆ ಕಟ್ಟುವವರ ಹಾಗೆ. ಆದರೆ ಬಾಯಿ ತೆರೆಯಲಿಲ್ಲ. ದೂರದಲ್ಲಿ ಬಸ್ಸು ಕಂಡಿತು.

ಅತ್ತೆ ಸುತ್ತ ನೋಡಿದರು. ಒಂದು ನಾಯಿಯಾದರೂ ಇದೆಯೇ, ಕಾಗೆಯಾದರೂ ಇದೆಯೇ ಎಂದು. ಏನೂ ಇರಲಿಲ್ಲ. ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲು ತಟ್ಟಿ "ಬೈಂದೂರ್, ಬೈಂದೂರ್" ಎಂದ. ದೊಡ್ಡಮ್ಮ ಮುಂದಿನ ಬಾಗಿಲಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು. ಆಗ ಹಿಂದಿನಿಂದ ಅತ್ತೆಯ ದನಿ, ಮೀನು ಮಾರುವಾಗಿನ ಆ ಹಳೆಯ ದನಿ, ಬಸ್ಸಿನೊಳಗಿನವರೂ ಬೆಚ್ಚಿಬೀಳುವಂತೆ ಬಂತು:

"ಹ್ವಾಯ್! ಎಲ್ಲಿಗ್ ಹೋಪ್ದ್? ಆ ಕಣಿ ನೀರ್ ಯಾವ ಬದಿಗ್ ಹೋಯ್ಕ್ ಅಂತ ಕೇಂಡಿದ್ನಲೆ, ಉತ್ರ ಎಲ್ಲಿತ್ತ್?"

ಅದು ಹೊಸ ಮಾತಲ್ಲ. ಮೊದಲ ಮಾತೂ ಅಲ್ಲ. ಹಿಂದೆ ಇದೇ ಜಾಗದಲ್ಲಿ ಕೇಳಿದ್ದನ್ನು ಇನ್ನೊಮ್ಮೆ ಕೇಳಿದ್ದು, ಅಷ್ಟೇ. ಯಾರೂ ಸೋತಂತಾಗಲಿಲ್ಲ. ನನ್ನ ಪುಸ್ತಕದಲ್ಲಿ ಇದು ಎಲ್ಲಿಯೂ ಇರಲಿಲ್ಲ.

ದೊಡ್ಡಮ್ಮ ಮೆಟ್ಟಿಲ ಮೇಲೆಯೇ ತಿರುಗಿದರು. ಮುಖ ಕೆಂಪಾಗಿತ್ತು. "ನನ್ನ್ ಅಂಗ್ಳಕ್ಕಂತೂ ಅಲ್ಲ! ಅವತ್ತೂ ಅಲ್ಲ, ಇವತ್ತೂ ಅಲ್ಲ!"

"ಮತ್ತೆಲ್ಲಿಗೆ? ನನ್ನ್ ತಲಿ ಮೇಲೆ ಹೋಯ್ಕಾ?"

"ಬೇಲಿ ಉದ್ದಕ್ಕೆ ತಿರ್ಗ್ಸುಕೆ ಎಂತ ಧಾಡಿ ನಿಂಗೆ?"

"ಅಮ್ಮ, ಹತ್ತುದಾ ಇಲ್ಯಾ?" ಎಂದ ಕಂಡಕ್ಟರ್.

"ನೀವ್ ಹೋಯ್ನಿ ಮಾರಾಯ್ರೆ," ಎಂದು ದೊಡ್ಡಮ್ಮ ಕಾಲು ಕೆಳಗಿಟ್ಟರು. "ನಂಗ್ ಇಲ್ಲಿ ಮಾತ್ ಇತ್ತ್."

ಬಸ್ಸು ಹೋಯಿತು. ದೊಡ್ಡಮ್ಮ ಬೈಯುತ್ತಲೇ ತಮ್ಮ ಸೆರಗಿನ ತುದಿಯಿಂದ ಅತ್ತೆಯ ಕೈಯ ರಕ್ತ ಒರೆಸಿದರು, ಅತ್ತೆ ಬೈಯುತ್ತಲೇ ಕೈ ಕೊಟ್ಟರು. ಮುಂಬೈಗೆ ಏನು ಹೇಳುವುದೆಂದು ಯೋಚಿಸುತ್ತ ನಾನು ಚೀಲ ಎತ್ತಿಕೊಂಡೆ. ಇಬ್ಬರೂ ಮುಂದೆ ಮುಂದೆ ಮನೆಯ ಕಡೆ ನಡೆದರು, ಕಣಿ ಹೀಗೆ ಬರಬೇಕಿತ್ತು, ಅಲ್ಲಿ ತಿರುಗಬೇಕಿತ್ತು, ನಿನ್ನ ಬೇಲಿಯೇ ವಾರೆ ಎಂದು ಕೈ ಚಾಚಿ ಚಾಚಿ ತೋರಿಸುತ್ತ. ಅವರು ಕೈ ತೋರಿಸಿದ ಕಡೆ ಬೇಲಿ ಇರಲಿಲ್ಲ, ಅಂಗಳ ಇರಲಿಲ್ಲ, ಅಲೆಗಳು ಬಂದು ಹೋಗುತ್ತಿದ್ದವು. ನಾನು ಚೀಲ ಹೊತ್ತು ಅವರ ಹಿಂದೆ ನಡೆದೆ.